ಪುಟದ ಮೂಲೆಯಿಂದ ನೂರು ಮಹಡಿಗೆ: ತೊಶಿಯೊ ಇವಾಯಿ ಅವರ ಕೈಗೆಲಸ



ಒಬ್ಬ ಡ್ರಾಯಿಂಗ್ ಮೇಷ್ಟ್ರ ನೆನಪಿನಲ್ಲಿ ಇಟ್ಟ ದತ್ತಿಯ ಉಪನ್ಯಾಸ ಇದು. ಯಾರ ಬಗ್ಗೆ ಮಾತಾಡಲಿ ಎಂದು ಯೋಚಿಸುತ್ತಿದ್ದಾಗ ನನಗೆ ಮೊದಲು ನೆನಪಾದದ್ದು ಒಂದು ಹಳೆಯ ಚಟ. ಪಾಠ ನಡೆಯುತ್ತಿರುವಾಗ ಪಠ್ಯಪುಸ್ತಕದ ಮೂಲೆಯಲ್ಲಿ ಪುಟಕ್ಕೊಂದು ಕಡ್ಡಿಮನುಷ್ಯನನ್ನು ಬರೆಯುವುದು, ಒಂದಕ್ಕಿಂತ ಒಂದನ್ನು ಕೂದಲೆಳೆಯಷ್ಟು ಬದಲಿಸುವುದು, ಆಮೇಲೆ ಹೆಬ್ಬೆರಳಿನಿಂದ ಪುಟಗಳನ್ನು ಸರಸರನೆ ಬಿಡುವುದು. ಕಡ್ಡಿಮನುಷ್ಯ ಎದ್ದು ಓಡುತ್ತಾನೆ. ಇಲ್ಲಿ ಕುಳಿತವರಲ್ಲಿ ಬಹಳ ಮಂದಿ ಇದನ್ನು ಮಾಡಿರುತ್ತೀರಿ. ಕೆಲವರು ಮಾಡುವಾಗ ಸಿಕ್ಕಿಬಿದ್ದೂ ಇರುತ್ತೀರಿ. ಆಮೇಲೆ ನಾವೆಲ್ಲ ಅದನ್ನು ಬಿಟ್ಟೆವು. ಬಿಡದೆ ಉಳಿಸಿಕೊಂಡು, ಅದರಿಂದಲೇ ಜೀವನಪೂರ್ತಿ ಕೆಲಸ ಮಾಡಿದವರೊಬ್ಬರು ಜಪಾನಿನಲ್ಲಿದ್ದಾರೆ. ಅವರ ಹೆಸರು ತೊಶಿಯೊ ಇವಾಯಿ.

ಇವಾಯಿ ಹುಟ್ಟಿದ್ದು 1962ರಲ್ಲಿ, ಮಧ್ಯ ಜಪಾನಿನ ಐಚಿ ಪ್ರಾಂತದಲ್ಲಿ. ಅವರ ಪರಿಚಯ ಬರೆಯುವವರಿಗೆ ಯಾವಾಗಲೂ ಒಂದು ತೊಡಕು. ಅವರು ಚಿತ್ರಕಾರರೇ, ಆನಿಮೇಷನ್ ಮಾಡುವವರೇ, ವೀಡಿಯೊ ಗೇಮ್ ಕಟ್ಟುವವರೇ, ವಾದ್ಯ ತಯಾರಿಸುವವರೇ, ಮಕ್ಕಳ ಪುಸ್ತಕದ ಲೇಖಕರೇ? ಎಲ್ಲವೂ ಹೌದು. ಆದರೆ ಅವರು ಒಂದು ಕಸುಬಿನಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋದರು ಎಂದು ನನಗೆ ಅನ್ನಿಸುವುದಿಲ್ಲ. ಅವರದು ಮೊದಲಿನಿಂದಲೂ ಒಂದೇ ಕೆಲಸ. ನಮ್ಮ ಬೆರಳು ಅಲ್ಲಾಡಿದಾಗ ಚಿತ್ರಕ್ಕೆ ಜೀವ ಬರುತ್ತದಲ್ಲ, ಆ ಕ್ಷಣವನ್ನು ನೋಡುವವನ ಕೈಗೇ ಕೊಡುವುದು ಆ ಕೆಲಸ. ಸಾಧನಗಳು ಬದಲಾಗುತ್ತ ಹೋದವು. ಈ ಒಂದು ಮಾತನ್ನು ನಿಮ್ಮ ಮುಂದೆ ವಿಸ್ತರಿಸುವುದಷ್ಟೇ ನನ್ನ ಉದ್ದೇಶ.

ಇವಾಯಿ ತಮ್ಮ ಬಾಲ್ಯದ ಒಂದು ಸಂಗತಿಯನ್ನು ಹೇಳಿಕೊಂಡಿದ್ದಾರೆ. ಅವರು ಚಿಕ್ಕವರಿದ್ದಾಗ ತಾಯಿ ಒಂದು ದಿನ ಇನ್ನು ಮೇಲೆ ಆಟಿಕೆ ಕೊಡಿಸುವುದಿಲ್ಲ ಎಂದುಬಿಟ್ಟರಂತೆ. ಅದರ ಬದಲು ಕೈಗೆಲಸದ ಹತಾರಗಳನ್ನೂ ಸಾಮಾನುಗಳನ್ನೂ ಕೊಡಿಸುತ್ತೇನೆ, ಬೇಕಾದ ಆಟಿಕೆಯನ್ನು ನೀನೇ ಮಾಡಿಕೋ ಎಂದರಂತೆ. ಆಟಿಕೆಗೆ ಹಟ ಹಿಡಿದ ಮಗುವಿಗೆ ಆ ಹೊತ್ತಿನಲ್ಲಿ ಅದು ಶಿಕ್ಷೆಯಂತೆ ಕಂಡಿರಬೇಕು. ಮುಂದೆ ಅವರು ಮಾಡಿದ ಪ್ರತಿಯೊಂದು ಕೆಲಸದಲ್ಲೂ ಆ ತಾಯಿಯ ಮಾತು ಕೇಳಿಸುತ್ತದೆ. ಇವಾಯಿ ನಮಗೆ ಮುಗಿದ ಆಟಿಕೆಯನ್ನು ಕೊಡುವುದಿಲ್ಲ, ಸಾಮಾನು ಕೊಡುತ್ತಾರೆ.

ಅವರು ಕಲೆ ಓದಿದ್ದು ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ. ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವುದೇ ಅಚ್ಚರಿಯಾಗಿದ್ದ 1980ರ ದಶಕದಲ್ಲಿ ಓರಗೆಯವರೆಲ್ಲ ಮುಂದಕ್ಕೆ ನೋಡುತ್ತಿದ್ದರೆ, ಇವಾಯಿ ನೂರೈವತ್ತು ವರ್ಷ ಹಿಂದಕ್ಕೆ ಹೋದರು. ಸಿನಿಮಾ ಹುಟ್ಟುವುದಕ್ಕೂ ಮೊದಲು ಯುರೋಪಿನಲ್ಲಿ ತಿರುಗುವ ಚಿತ್ರದ ಆಟಿಕೆಗಳಿದ್ದವು. 1832ರಲ್ಲಿ ಬೆಲ್ಜಿಯಮ್ಮಿನ ವಿಜ್ಞಾನಿ ಜೋಸೆಫ್ ಪ್ಲಾಟೋ ಮಾಡಿದ ತಟ್ಟೆ ಅಂಥದ್ದು. ಅದರ ಬೆನ್ನಿಗೇ ಬಂದದ್ದು ಝೋಯಿಟ್ರೋಪ್ ಎಂಬ ಡಬ್ಬಿ. ಅದರ ಸುತ್ತ ಸೀಳುಗಂಡಿಗಳಿರುತ್ತವೆ, ಒಳಗೆ ಸಾಲಾಗಿ ಚಿತ್ರಗಳಿರುತ್ತವೆ. ಡಬ್ಬಿಯನ್ನು ತಿರುಗಿಸಿ ಸೀಳಿನ ಮೂಲಕ ಇಣುಕಿದರೆ ಕುದುರೆ ಓಡುತ್ತದೆ, ಹುಡುಗಿ ಹಗ್ಗ ಜಿಗಿಯುತ್ತಾಳೆ. ಸಿನಿಮಾ ಬಂದ ಮೇಲೆ ಇವೆಲ್ಲ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಸೇರಿಕೊಂಡವು. ಅಲ್ಲಿ ಇನ್ನೂ ಮುಗಿಯದ ಕೆಲಸವಿದೆ ಎಂದು ಇವಾಯಿಗೆ ಕಂಡಿತು.

ಆಗ ಅವರು ಮಾಡಿದ ಕೃತಿಸರಣಿಯ ಹೆಸರನ್ನು 'ಕಾಲದ ಪದರು' ಎಂದು ಕನ್ನಡಿಸಬಹುದು. ಅದರ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಮುಂದಿನ ಎಲ್ಲದಕ್ಕೂ ಅದೇ ಬುನಾದಿ. ಒಂದು ದುಂಡನೆಯ ತಟ್ಟೆ. ಅದರ ಮೇಲೆ ಕಾಗದದಲ್ಲಿ ಕತ್ತರಿಸಿದ ಪುಟ್ಟ ಆಕೃತಿಗಳನ್ನು ಸುತ್ತಲೂ ನಿಲ್ಲಿಸಿದೆ. ಪಕ್ಕದ ಆಕೃತಿಗಿಂತ ಪ್ರತಿಯೊಂದೂ ತುಸುವೇ ಬೇರೆ. ತಟ್ಟೆ ತಿರುಗಿದರೆ ಬರಿಗಣ್ಣಿಗೆ ಮಸುಕು ಬಿಟ್ಟು ಬೇರೇನೂ ಕಾಣದು. ಕೋಣೆಯನ್ನು ಕತ್ತಲು ಮಾಡಿ, ಬೆಳಕು ಕ್ಷಣಕ್ಷಣಕ್ಕೂ ಮಿನುಗಿ ಆರುವಂತೆ ಮಾಡಿದರೆ ಆಟವೇ ಬೇರೆಯಾಗುತ್ತದೆ. ತಟ್ಟೆ ಒಂದು ಗೊಂಬೆಯಷ್ಟು ದೂರ ಸರಿಯುವುದಕ್ಕೂ ಬೆಳಕು ಒಮ್ಮೆ ಮಿನುಗುವುದಕ್ಕೂ ತಾಳೆ ಬಿದ್ದರೆ, ಪ್ರತಿ ಮಿನುಗಿನಲ್ಲೂ ಅದೇ ಜಾಗದಲ್ಲಿ ಮುಂದಿನ ಗೊಂಬೆ ನಿಂತಿರುತ್ತದೆ. ಕಣ್ಣಿಗೆ ತಟ್ಟೆ ನಿಂತುಬಿಟ್ಟಂತೆ, ಗೊಂಬೆಗಳೆಲ್ಲ ನಿಂತಲ್ಲೇ ಕುಣಿಯುತ್ತಿರುವಂತೆ ಕಾಣುತ್ತದೆ. ಮಿನುಗುವ ಬೆಳಕಿಗಾಗಿ ಇವಾಯಿ ಬಳಸಿದ್ದು ಟಿವಿ ಪರದೆಯನ್ನು. ಜಗತ್ತೆಲ್ಲ ಟಿವಿಯಲ್ಲಿ ಚಿತ್ರ ನೋಡುತ್ತಿದ್ದಾಗ ಅವರು ಅದನ್ನು ಬರೀ ದೀಪವಾಗಿ ಬಳಸಿ, ಅದರ ಕೆಳಗೆ ಕಾಗದದ ಗೊಂಬೆಗಳನ್ನು ಕುಣಿಸಿದರು. ಪರದೆಯೊಳಗಿದ್ದ ಆನಿಮೇಷನ್ ಮೇಜಿನ ಮೇಲೆ ಬಂದು ನಿಂತಿತು.

ಈ ಸರಣಿಯ ಎರಡನೆಯ ಕೃತಿಗೆ 1985ರಲ್ಲಿ 17ನೆಯ ಸಮಕಾಲೀನ ಜಪಾನಿ ಕಲಾ ಪ್ರದರ್ಶನದ ಮಹಾಬಹುಮಾನ ಬಂತು. ಇವಾಯಿ ಆಗ ಇನ್ನೂ ವಿದ್ಯಾರ್ಥಿ. ಅಷ್ಟು ಕಿರಿಯ ವಯಸ್ಸಿನವರಿಗೆ ಆ ಬಹುಮಾನ ಅದುವರೆಗೆ ಸಿಕ್ಕಿರಲಿಲ್ಲ.

ಇಷ್ಟು ಹೆಸರು ಬಂದ ಮೇಲೆ ಕಲಾ ಗ್ಯಾಲರಿಗಳಲ್ಲೇ ಉಳಿಯಬಹುದಿತ್ತು. ಅವರು ಉಳಿಯಲಿಲ್ಲ. 1987ರಲ್ಲಿ, ನಿಂಟೆಂಡೊದ ಫ್ಯಾಮಿಕಾಮ್ ಯಂತ್ರದ ಡಿಸ್ಕ್ ಉಪಕರಣಕ್ಕಾಗಿ 'ಒಟೊಕ್ಕಿ' ಎಂಬ ಗೇಮ್ ಹೊರಬಂತು. ಅದರ ಕಲ್ಪನೆ ಇವಾಯಿಯವರದು. ಹೊರನೋಟಕ್ಕೆ ಅದೂ ಶೂಟಿಂಗ್ ಆಟವೇ. ಹಾರುತ್ತ ಹೋಗುವ ಪುಟ್ಟ ನಾಯಕ ಎಂಟು ದಿಕ್ಕಿಗೆ ಚೆಂಡು ಎಸೆಯಬಲ್ಲ. ವಿಶೇಷವೇನೆಂದರೆ ಒಂದೊಂದು ದಿಕ್ಕಿಗೂ ಒಂದೊಂದು ಸ್ವರವಿದೆ. ಆಡುವವನು ಗುಂಡಿ ಒತ್ತುವುದು ಯಾವಾಗಲೋ ಇರಲಿ, ಯಂತ್ರ ಆ ಸ್ವರವನ್ನು ಕೂದಲೆಳೆಯಷ್ಟು ಹೊತ್ತು ತಡೆದು ತಾಳದ ಮುಂದಿನ ಪೆಟ್ಟಿಗೆ ಸರಿಯಾಗಿ ಬಿಡುತ್ತದೆ. ಅದರಿಂದ ಎಸೆತ ಯಾವುದಾದರೂ ತಾಳ ತಪ್ಪುವುದಿಲ್ಲ, ಕಿವಿಗೂ ಚುಚ್ಚುವುದಿಲ್ಲ. ಶತ್ರುಗಳನ್ನು ಓಡಿಸುತ್ತಿದ್ದೇನೆ ಎಂದುಕೊಂಡ ಹುಡುಗನಿಗೆ ಸ್ವಲ್ಪ ಹೊತ್ತಿನ ಮೇಲೆ ತಾನು ಹಾಡು ಕಟ್ಟುತ್ತಿದ್ದೇನೆ ಎಂದು ಗೊತ್ತಾಗುತ್ತದೆ. ಆಡುವವನ ಕೈಯಿಂದಲೇ ಸಂಗೀತ ಹುಟ್ಟುವ ಆಟಗಳು ಇಂದು ಬೇಕಾದಷ್ಟಿವೆ. 1987ರಲ್ಲಿ ಇದು ಹೊಸ ದಾರಿ.

ಇಲ್ಲಿಂದ ಅವರ ಕೆಲಸದಲ್ಲಿ ಚಿತ್ರಕ್ಕೆ ಸ್ವರ ಜೊತೆಯಾಯಿತು. ನನಗಿದು ಸಹಜವಾಗಿಯೇ ಕಾಣುತ್ತದೆ. ಪುಟದ ಮೂಲೆಯ ಕಡ್ಡಿಮನುಷ್ಯ ಓಡಬೇಕಾದರೆ ಪುಟಗಳು ಒಂದು ಲಯದಲ್ಲಿ ಬೀಳಬೇಕು. ಆನಿಮೇಷನ್ ಮಾಡುವವನು ಲೆಕ್ಕ ಹಾಕುವುದೆಲ್ಲ ಕಾಲವನ್ನೇ, ಹಾಡುವವನು ಮಾಡುವುದೂ ಅದನ್ನೇ. ಕೆನಡಾದ ನಾರ್ಮನ್ ಮೆಕ್‌ಲಾರೆನ್ ಫಿಲ್ಮಿನ ಅಂಚಿನ ಧ್ವನಿಪಟ್ಟಿಯ ಮೇಲೆ ನೇರವಾಗಿ ಗೆರೆ ಎಳೆದು ಶಬ್ದ ಹುಟ್ಟಿಸಿದ್ದು ಇದೇ ನಂಟನ್ನು ಹಿಡಿದು. ಆದರೆ ಮೆಕ್‌ಲಾರೆನ್ ಬಿಡಿಸಿದ್ದನ್ನು ನಾವು ಕುಳಿತು ನೋಡಬೇಕು. ಇವಾಯಿಯವರ ಹತ್ತಿರ ಬಿಡಿಸುವವರು ನಾವೇ.

1990ರ ದಶಕದ ಮೊದಲಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂನಲ್ಲಿದ್ದುಕೊಂಡು ಕೆಲಸ ಮಾಡಿದರು. ಅಲ್ಲಿ ಯಾವುದನ್ನೂ ಮುಟ್ಟಬೇಡಿ ಎನ್ನುವ ಫಲಕವಿಲ್ಲ, ಎಲ್ಲವನ್ನೂ ಮುಟ್ಟಿ ನೋಡಲೆಂದೇ ಆ ವಿಜ್ಞಾನ ಸಂಗ್ರಹಾಲಯವನ್ನು ಕಟ್ಟಿದ್ದು. ಇವಾಯಿಗೆ ಅದಕ್ಕಿಂತ ಒಪ್ಪುವ ಜಾಗ ಇರಲಿಕ್ಕಿಲ್ಲ. ಅಲ್ಲಿ 1992ರಲ್ಲಿ ಅವರು 'ಸಂಗೀತದ ಹುಳುಗಳು' ಎಂಬ ಕೃತಿ ಮಾಡಿದರು. ಪರದೆಯ ಮೇಲೆ ನೀವು ಬಣ್ಣದ ಚುಕ್ಕೆಗಳನ್ನು ಇಡುತ್ತೀರಿ. ಪುಟ್ಟ ಹುಳುಗಳು ತಮ್ಮ ಪಾಡಿಗೆ ನಡೆಯುತ್ತಿರುತ್ತವೆ. ಹುಳು ಚುಕ್ಕೆಯನ್ನು ತುಳಿದರೆ ಆ ಬಣ್ಣದ ಸ್ವರ ನುಡಿಯುತ್ತದೆ. ಕೆಲವು ಚುಕ್ಕೆಗಳು ಹುಳುವಿನ ದಾರಿಯನ್ನೇ ತಿರುಗಿಸುತ್ತವೆ. ಹೀಗೆ ಚಿತ್ರ ಬರೆಯಲು ಕೂತವರು ಹಾಡು ಬರೆದು ಏಳುತ್ತಾರೆ.

ಈ ಹುಳುಗಳ ಮುಂದಿನ ದಾರಿ ಅಷ್ಟು ಸಲೀಸಾಗಿರಲಿಲ್ಲ. ಇದೇ ಕಲ್ಪನೆಯನ್ನು ಬೆಳೆಸಿ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ, ಮೌಸ್ ಹಿಡಿದು ಆಡುವಂಥ 'ಸೌಂಡ್ ಫ್ಯಾಂಟಸಿ' ಎಂಬ ಗೇಮ್ ಸಿದ್ಧವಾಗುತ್ತಿತ್ತು. ಅದು ಮಾರುಕಟ್ಟೆಗೆ ಬರಲೇ ಇಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಪೆಟ್ಟಿಗೆಯಲ್ಲಿ ಉಳಿದರೆ ಯಾರಿಗಾದರೂ ಕೈ ಕುಸಿಯುತ್ತದೆ. ಹುಳುಗಳು ಮಾತ್ರ ಬದುಕಿಕೊಂಡವು. 1996ರಲ್ಲಿ ಅಮೆರಿಕದ ಮ್ಯಾಕ್ಸಿಸ್ ಕಂಪನಿ ಅವನ್ನು 'ಸಿಮ್‌ಟ್ಯೂನ್ಸ್' ಎಂಬ ಹೆಸರಿನಲ್ಲಿ ಮನೆಯ ಕಂಪ್ಯೂಟರಿಗೆ ತಂದಿತು.

ಹುಳುಗಳ ಕೆಲಸ ನಡೆಯುತ್ತಿದ್ದ ಹೊತ್ತಿನಲ್ಲೇ, 1992ರಿಂದ 1994ರವರೆಗೆ, ಇವಾಯಿ ಫ್ಯೂಜಿ ಟಿವಿಯ 'ಉಗೊ ಉಗೊ ಲೂಗಾ' ಎಂಬ ಮಕ್ಕಳ ಕಾರ್ಯಕ್ರಮಕ್ಕೂ ದುಡಿದರು. ಇಬ್ಬರು ಪುಟಾಣಿಗಳು ಕಂಪ್ಯೂಟರ್ ಚಿತ್ರಗಳ ನಡುವೆ ಓಡಾಡುತ್ತ, ಚಿತ್ರದ ಪಾತ್ರಗಳ ಜೊತೆ ಮಾತಾಡುವ ಕಾರ್ಯಕ್ರಮ ಅದು. ಹೆಸರು 'ಗೋ ಗೋ ಗರ್ಲ್' ಎಂಬುದನ್ನು ಜಪಾನಿ ಅಕ್ಷರಗಳಲ್ಲಿ ತಿರುಗುಮುರುಗಾಗಿ ಓದಿದ್ದು. ದೊಡ್ಡವರೂ ಬಿಡದೆ ನೋಡಿದರು. ಟಿವಿಯ ಬಗ್ಗೆ ಇಷ್ಟು ಸಾಕು, ಮುಂದಿನದರ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ.

ಜರ್ಮನಿಯ ಕಾರ್ಲ್ಸ್‌ರೂಹೆ ನಗರದ ಝಡ್‌ಕೆಎಂ ಎಂಬ ಕಲೆ ಮತ್ತು ಮಾಧ್ಯಮಗಳ ಕೇಂದ್ರದಲ್ಲಿದ್ದಾಗ, 1995ರಲ್ಲಿ, ಇವಾಯಿ ಒಂದು ದೊಡ್ಡ ಪಿಯಾನೊವನ್ನು ಚಿತ್ರದ ಯಂತ್ರವಾಗಿಸಿದರು. ಪಿಯಾನೊದ ಮುಂದೆ ಉದ್ದಕ್ಕೆ ಒಂದು ಪರದೆ ಹಾಸಿದೆ. ಕುಳಿತವರು ಒಂದು ಗುಂಡನ್ನು ಉರುಳಿಸಿ ಅದರ ಮೇಲೆ ಬೆಳಕಿನ ಚುಕ್ಕೆಗಳನ್ನು ಇಡುತ್ತಾರೆ. ಚುಕ್ಕೆಗಳು ಹೊಳೆಯ ಮೇಲಿನ ದೀಪಗಳಂತೆ ತೇಲುತ್ತ ಪಿಯಾನೊದತ್ತ ಹೋಗುತ್ತವೆ. ಚುಕ್ಕೆ ತಾಗಿದ ಕೀಲಿ ತಾನೇ ಕೆಳಗಿಳಿದು ನುಡಿಯುತ್ತದೆ. ನುಡಿದ ಕ್ಷಣದಲ್ಲೇ ಪಿಯಾನೊದ ಹೊಟ್ಟೆಯಿಂದ ಬಣ್ಣದ ಆಕೃತಿಯೊಂದು ಚಿಮ್ಮಿ ಮೇಲಿನ ಪರದೆಗೆ ಏರುತ್ತದೆ. ಚಿತ್ರ ಸ್ವರವಾಗಿ, ಸ್ವರ ಮತ್ತೆ ಚಿತ್ರವಾಗುವ ಈ ಪಯಣದ ಮಧ್ಯದಲ್ಲಿರುವುದು ಮರ, ತಂತಿ, ಸುತ್ತಿಗೆಗಳಿರುವ ನಿಜವಾದ ವಾದ್ಯ. ಅದನ್ನೂ ಕಂಪ್ಯೂಟರಿನೊಳಗೇ ಮಾಡಿಬಿಡಬಹುದಿತ್ತು. ಮಾಡಿದ್ದರೆ ಇದು ಕೃತಿಯಾಗುತ್ತಿರಲಿಲ್ಲ, ಒಂದು ಚಮತ್ಕಾರವಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ತಟ್ಟೆಯ ಮೇಲಿನ ಕಾಗದದ ಗೊಂಬೆ ಹೇಗೋ ಇಲ್ಲಿನ ಪಿಯಾನೊ ಹಾಗೆ. ಕೈಗೆ ತಾಗುವ ವಸ್ತುವನ್ನು ಇವಾಯಿ ಎಲ್ಲೂ ಬಿಟ್ಟುಕೊಡುವುದಿಲ್ಲ.

ಇದನ್ನೇ ವೇದಿಕೆಗೆ ತಂದಾಗ ಜೊತೆಗೆ ಬಂದವರು ಸಂಗೀತಗಾರ ರ್ಯೂಇಚಿ ಸಕಾಮೊಟೊ. 1996ರ ಕೊನೆಯಲ್ಲಿ ಮಿಟೊ ನಗರದಲ್ಲಿ ಇಬ್ಬರೂ ಸೇರಿ ಕಛೇರಿ ನಡೆಸಿದರು. ಸಕಾಮೊಟೊ ನುಡಿಸಿದ್ದು ಬೆಳಕಾಯಿತು, ಇವಾಯಿ ಬರೆದದ್ದನ್ನು ಪಿಯಾನೊ ನುಡಿಸಿತು. ಮರುವರ್ಷ ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ನಡೆಯುವ ಆರ್ಸ್ ಎಲೆಕ್ಟ್ರಾನಿಕಾದಲ್ಲಿ ಈ ಕೃತಿಗೆ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ನಿಕಾ ಸಿಕ್ಕಿತು.

2001ರ ಅಕ್ಟೋಬರಿನಲ್ಲಿ ಟೋಕಿಯೊದ ಮಿತಾಕಾದಲ್ಲಿ ಗಿಬ್ಲಿ ಆನಿಮೇಷನ್ ಸ್ಟುಡಿಯೊದ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿನ ನಿರ್ದೇಶಕ ಹಯಾವೊ ಮಿಯಾಝಾಕಿಯವರ ಚಿತ್ರಗಳನ್ನು ನೋಡಿದವರಿಗೆ ಟೊಟೊರೊ ಎಂಬ ಜೀವಿ ಗೊತ್ತೇ ಇರುತ್ತದೆ. ಆ ಸಂಗ್ರಹಾಲಯದ ಒಂದು ಕೋಣೆಯಲ್ಲಿ ಟೊಟೊರೊ ಜಿಗಿಯುತ್ತದೆ, ಹುಡುಗಿ ಹಗ್ಗ ಹಾರುತ್ತಾಳೆ, ಬೆಕ್ಕು ಬಸ್ಸು ಓಡುತ್ತದೆ. ಇದು ಸಿನಿಮಾ ಅಲ್ಲ, ತಿರುಗುವ ತಟ್ಟೆಯ ಮೇಲೆ ನಿಲ್ಲಿಸಿದ ಗೊಂಬೆಗಳು ಮತ್ತು ಮಿನುಗುವ ಬೆಳಕು. ಅದರ ಹಿಂದಿನ ಕೈ ಇವಾಯಿಯವರದು. ವಿದ್ಯಾರ್ಥಿಯಾಗಿ ಕಾಗದ ಕತ್ತರಿಸಿ ಮಾಡಿದ್ದು ಇಲ್ಲಿ ತುಂಬು ಗೊಂಬೆಯಾಗಿ ಬೆಳೆದಿದೆ. ತಟ್ಟೆ ಮೊದಲು ಮಂದ ಬೆಳಕಿನಲ್ಲಿ ನಿಂತಿರುತ್ತದೆ, ಒಂದೇ ಪಾತ್ರದ ಹತ್ತಾರು ಗೊಂಬೆಗಳು ಸಾಲುಗಟ್ಟಿರುವುದು ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ತಿರುಗಿ ಮಸುಕಾಗುತ್ತದೆ. ಬೆಳಕು ಮಿನುಗತೊಡಗಿದ ಕೂಡಲೇ ಎಲ್ಲ ಜೀವ ತಳೆಯುತ್ತವೆ. ಗುಟ್ಟನ್ನು ಮೊದಲೇ ತೋರಿಸಿದ ಮೇಲೂ ಬೆರಗು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆನಿಮೇಷನ್ ಎಂದರೇನು ಎಂದು ಮಕ್ಕಳಿಗೆ ಪಾಠ ಹೇಳಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತೋಚದು. ಅಮೆರಿಕದ ಪಿಕ್ಸಾರ್ ಸಂಸ್ಥೆಯವರೂ ಇದನ್ನು ಕಂಡು ಮೆಚ್ಚಿ ತಮ್ಮ ಪಾತ್ರಗಳ ಇಂಥದೇ ತಟ್ಟೆಯನ್ನು ಮಾಡಿಕೊಂಡರು.

ಈಗ 2005ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಹೊರಬಂದ 'ಎಲೆಕ್ಟ್ರೊಪ್ಲ್ಯಾಂಕ್ಟನ್' ಬಗ್ಗೆ. ಅವರ ಗೇಮ್‌ಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದು. ನಿಂಟೆಂಡೊ ಡಿಎಸ್ ಎಂಬ ಅಂಗೈಯಗಲದ ಯಂತ್ರಕ್ಕೆ ಎರಡು ಪರದೆ. ಕೆಳಗಿನದನ್ನು ಕಡ್ಡಿಯಿಂದ ಮುಟ್ಟಬಹುದು, ಜೊತೆಗೆ ಒಂದು ಮೈಕು ಇದೆ. ತಮ್ಮನ್ನು ಬೇರೆ ಬೇರೆ ವಯಸ್ಸಿನಲ್ಲಿ ಸೆಳೆದ ನಾಲ್ಕು ವಸ್ತುಗಳು ಇದರಲ್ಲಿ ಒಂದಾಗಿವೆ ಎಂದು ಇವಾಯಿ ಹೇಳಿದ್ದಾರೆ: ಸೂಕ್ಷ್ಮದರ್ಶಕ, ಟೇಪ್ ರೆಕಾರ್ಡರ್, ಸಿಂಥಸೈಸರ್, ಫ್ಯಾಮಿಕಾಮ್. ಒಳಗೆ ಹತ್ತು ಬಗೆಯ ನೀರಿನ ಜೀವಿಗಳಿವೆ, ಒಂದೊಂದಕ್ಕೂ ಅದರದೇ ಸ್ವಭಾವ. ಒಂದು ಬಗೆಯವು ನೀವು ಎಳೆದ ಗೆರೆಯ ಮೇಲೆ ಈಜುತ್ತ ನುಡಿಯುತ್ತವೆ. ನಾಲ್ಕು ಮೀನುಗಳು ನಿಮ್ಮ ಧ್ವನಿಯನ್ನು ನುಂಗಿ, ತಾಳಕ್ಕೆ ಹೊಂದಿಸಿ, ತಾವು ಈಜುತ್ತ ಬಂದಾಗಲೆಲ್ಲ ಹೊರಬಿಡುತ್ತವೆ. 'ಹಾನೆನ್ಬೋ' ಎಂಬವು ನೀರಿನಿಂದ ಚಿಮ್ಮಿ ಗಿಡದ ಎಲೆಗಳಿಗೆ ಬಡಿದು ಬಡಿದು ಕೆಳಗೆ ಬೀಳುತ್ತವೆ. ಪ್ರತಿ ಬಡಿತವೂ ಒಂದು ಸ್ವರ. ಆಡುವವರು ಮಾಡಬೇಕಾದ್ದು ಎಲೆಯ ಓರೆಯನ್ನು ತುಸು ತಿರುಗಿಸುವುದಷ್ಟೇ.

ಇದರಲ್ಲಿ ಅಂಕವಿಲ್ಲ, ಗೆಲುವಿಲ್ಲ, ಸೋಲಿಲ್ಲ. ಕಟ್ಟಿದ ಹಾಡನ್ನು ಉಳಿಸಿಟ್ಟುಕೊಳ್ಳುವ ಸೌಲಭ್ಯವೂ ಇಲ್ಲ. ಯಂತ್ರ ಆರಿಸಿದರೆ ಎಲ್ಲವೂ ಹೋಯಿತು. ಹಲವು ವಿಮರ್ಶಕರು ಇದನ್ನು ದೊಡ್ಡ ಕೊರತೆ ಎಂದರು. ದುಡ್ಡು ಕೊಟ್ಟು ಕೊಂಡವರು ಹಾಗೆ ಕೇಳುವುದು ತಪ್ಪಲ್ಲ, ಒಳ್ಳೆಯ ರಾಗವೊಂದು ಕೈಗೂಡಿದಾಗ ಅದನ್ನು ಮತ್ತೊಬ್ಬರಿಗೆ ಕೇಳಿಸಬೇಕೆನ್ನಿಸುತ್ತದೆ. ಆದರೂ ಇವಾಯಿ ಸರಿ ಎಂದೇ ನನ್ನ ವಾದ. ಉಳಿಸುವ ಗುಂಡಿಯೊಂದು ಇದ್ದಿದ್ದರೆ ನಾವು ಉಳಿಸುವುದಕ್ಕಾಗಿ ಆಡುತ್ತಿದ್ದೆವು, ಎಲೆಯನ್ನು ಯಾವ ಓರೆಗೆ ತಿರುಗಿಸಿದರೆ ಎಲ್ಲರೂ ಮೆಚ್ಚುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆವು. ಅದಿಲ್ಲದ್ದರಿಂದ ಎಲೆಯನ್ನೇ ನೋಡುತ್ತೇವೆ. ಕೆರೆಯ ದಡದಲ್ಲಿ ಕುಳಿತು ಕಲ್ಲೆಸೆಯುವ ಹುಡುಗ ಅಲೆಯನ್ನು ಮನೆಗೆ ಒಯ್ಯಬೇಕು ಅನ್ನುವುದಿಲ್ಲ. ಹೆಬ್ಬೆರಳಿನಿಂದ ಬಿಟ್ಟ ಪುಟಗಳೂ ಅಷ್ಟೆ, ಮತ್ತೆ ಬೇಕೆನ್ನಿಸಿದರೆ ಮತ್ತೆ ಬಿಡಬೇಕು.

ಯಮಾಹಾ ಕಂಪನಿಯ ಜೊತೆ ಮಾಡಿದ 'ತೆನೊರಿಯಾನ್' ವಾದ್ಯ 2007ರಲ್ಲಿ ಮೊದಲು ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂತು. ಅಂಗೈ ಮೇಲಿನ ನಾದ ಎಂಬುದು ಹೆಸರಿನ ಇಂಗಿತ. ಎರಡೂ ಕೈಯಲ್ಲಿ ಹಿಡಿಯುವ ಚೌಕಟ್ಟು, ಅಡ್ಡಕ್ಕೆ 16 ಉದ್ದಕ್ಕೆ 16, ಒಟ್ಟು 256 ಬೆಳಕಿನ ಗುಂಡಿಗಳು. ಅಡ್ಡಸಾಲು ಕಾಲ, ಉದ್ದಸಾಲು ಸ್ವರ. ಗುಂಡಿ ಒತ್ತಿ ಹಿಡಿದರೆ ಅಲ್ಲೊಂದು ಸ್ವರ ಕೂರುತ್ತದೆ, ಕಾಲದ ಗೆರೆ ಸುತ್ತಿ ಬಂದಾಗಲೆಲ್ಲ ನುಡಿಯುತ್ತದೆ. ಗಾಯಕಿ ಬ್ಯೋರ್ಕ್ ಅವರ ಕಛೇರಿಗಳಲ್ಲೂ ಇದು ಕಾಣಿಸಿಕೊಂಡಿತು. ನನ್ನ ಮನಸ್ಸಿನಲ್ಲಿ ನಿಂತದ್ದು ಒಂದು ಸಣ್ಣ ಸಂಗತಿ: ದೀಪಗಳು ಹಿಂಬದಿಗೂ ಬೆಳಗುತ್ತವೆ. ಕಂಪ್ಯೂಟರಿನಲ್ಲಿ ನುಡಿಸುವವರ ಮುಂದೆ ಕುಳಿತವರಿಗೆ ಕಾಣುವುದು ಮುಚ್ಚಳದ ಬೆನ್ನು ಮಾತ್ರ, ಒಳಗೆ ಏನು ನಡೆಯುತ್ತಿದೆಯೋ ತಿಳಿಯದು. ಇಲ್ಲಿ ನುಡಿಸುವವರು ನೋಡುತ್ತಿರುವುದನ್ನೇ ಕೇಳುವವರೂ ನೋಡುತ್ತಾರೆ. ಗೊಂಬೆಗಳ ತಟ್ಟೆಯನ್ನು ಮೊದಲು ನಿಲ್ಲಿಸಿ ತೋರಿಸುವ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿದೆ.

ಇಷ್ಟೆಲ್ಲ ಯಂತ್ರಗಳ ನಂತರ ಅವರು ಕಾಗದಕ್ಕೆ ಮರಳಿದರು. ಮನೆಯಲ್ಲಿ ಹೆಣ್ಣುಮಕ್ಕಳು ಬೆಳೆಯುತ್ತಿದ್ದರು. ಅವರಿಗಾಗಿ ರಟ್ಟು, ಕಾಗದಗಳಲ್ಲಿ ಮಾಡಿದ ಆಟಿಕೆಗಳ ಬಗ್ಗೆ 2006ರಲ್ಲಿ ಒಂದು ಪುಸ್ತಕವನ್ನೇ ತಂದರು. 2008ರಲ್ಲಿ ಕಾಯ್ಸೆಯ್‌ಶಾ ಪ್ರಕಾಶನದಿಂದ 'ನೂರು ಮಹಡಿ ಮನೆ' ಎಂಬ ಮಕ್ಕಳ ಚಿತ್ರಪುಸ್ತಕ ಬಂತು. ಚಿತ್ರಪುಸ್ತಕಗಳಿಗೆ ಅವರು ತಮ್ಮ ಹೆಸರನ್ನು ಕಾಂಜಿ ಅಕ್ಷರಗಳಲ್ಲಿ ಬರೆಯುವುದಿಲ್ಲ, ಜಪಾನಿನ ಮಕ್ಕಳು ಮೊದಲು ಕಲಿಯುವ ಹಿರಗಾನದಲ್ಲಿ ಬರೆಯುತ್ತಾರೆ. ಓದಲು ಈಗಷ್ಟೇ ಕಲಿತ ಮಗುವೂ ಬರೆದವರ ಹೆಸರನ್ನು ಓದಿಕೊಳ್ಳಬಹುದು.

ಈ ಪುಸ್ತಕವನ್ನು ಅಡ್ಡ ಮಲಗಿಸಿ, ಗೋಡೆಯ ಕ್ಯಾಲೆಂಡರಿನ ಹಾಗೆ ಮೇಲಕ್ಕೆ ತೆರೆಯಬೇಕು. ಆಗ ಎರಡು ಪುಟ ಸೇರಿ ಒಂದು ಎತ್ತರದ ಚಿತ್ರವಾಗುತ್ತದೆ, ಅದರಲ್ಲಿ ಹತ್ತು ಮಹಡಿ. ನಕ್ಷತ್ರ ನೋಡುವ ಹುಚ್ಚಿರುವ ತೊಚಿ ಎಂಬ ಹುಡುಗನಿಗೆ ಒಂದು ಪತ್ರ ಬರುತ್ತದೆ: ನಾನು ನೂರು ಮಹಡಿ ಮನೆಯ ತುದಿಯಲ್ಲಿದ್ದೇನೆ, ಬಾ. ಹುಡುಗ ಹೊರಟು ಹತ್ತತೊಡಗುತ್ತಾನೆ. ಮೊದಲ ಹತ್ತು ಮಹಡಿ ಇಲಿಗಳದು, ಮುಂದಿನ ಹತ್ತು ಅಳಿಲುಗಳದು, ಆಮೇಲೆ ಕಪ್ಪೆಗಳು. ಹೀಗೆ ಹತ್ತು ಹತ್ತಕ್ಕೂ ಬೇರೆ ಸಂಸಾರ. ಬಾವಲಿಗಳ ಮನೆಯಲ್ಲಿ ಎಲ್ಲರೂ ತಲೆಕೆಳಗು. ಪ್ರತಿ ಮಹಡಿಯಲ್ಲೂ ಯಾರೋ ಅಡುಗೆ ಮಾಡುತ್ತಿದ್ದಾರೆ, ಯಾರೋ ಸ್ನಾನ, ಯಾರೋ ನಿದ್ದೆ. ಮೆಟ್ಟಿಲೂ ಮಹಡಿಗೊಂದು ಬಗೆ. ಎಲ್ಲವನ್ನೂ ಇವಾಯಿ ಕೂದಲಿನಷ್ಟು ಸಣ್ಣ ವಿವರಗಳಲ್ಲಿ ಬರೆದಿದ್ದಾರೆ. ಆಮೇಲೆ ನೆಲದ ಕೆಳಗಿನ ನೂರು ಮಹಡಿ 2009ರಲ್ಲಿ, ಸಮುದ್ರದ್ದು 2014ರಲ್ಲಿ, ಆಕಾಶದ್ದು 2017ರಲ್ಲಿ ಬಂದವು. ನೆಲದಡಿಯ ಪುಸ್ತಕದಲ್ಲಿ ಹುಡುಗಿ ಕೆಳಕೆಳಗೆ ಇಳಿಯುತ್ತಾಳೆ, ಆದ್ದರಿಂದ ಪುಟವೂ ಕೆಳಮುಖವಾಗಿ ಓಡುತ್ತದೆ.

ಇದರಲ್ಲಿ ವಿದ್ಯುತ್ತಿಲ್ಲ, ಸ್ವರವಿಲ್ಲ, ಯಾವ ಚಿತ್ರವೂ ಚಲಿಸುವುದಿಲ್ಲ. ಹಾಗಿದ್ದರೆ ಆನಿಮೇಷನ್ ಎಲ್ಲಿ ಹೋಯಿತು ಎಂದು ಕೇಳಬಹುದು. ಈ ಪುಸ್ತಕವನ್ನು ಒಂದು ಮಗುವಿನ ಜೊತೆ ಕೂತು ನೋಡಬೇಕು. ನಾನು ನೋಡಿದ್ದೇನೆ. ನನಗೂ ಜಪಾನಿ ಬಾರದು, ಮಗುವಿಗೂ ಬಾರದು, ಅದರಿಂದ ಏನೂ ತೊಂದರೆಯಾಗಲಿಲ್ಲ. ಮಗು ತೋರುಬೆರಳನ್ನು ಪುಟದ ತಳಕ್ಕೆ ಒತ್ತಿ ಹಿಡಿಯಿತು. ಮೆಟ್ಟಿಲ ಮೇಲೆ ಬೆರಳು ಹತ್ತಿತು, ಅಡುಗೆಮನೆಯಲ್ಲಿ ನಿಂತಿತು, ಅಳಿಲಿನ ಹತ್ತಿರ ಏನೋ ಕೇಳಿತು, ಮತ್ತೆ ಹತ್ತಿತು. ಬಾವಲಿಗಳ ಪುಟ ಬಂದಾಗ ಮಗು ಪುಸ್ತಕವನ್ನು ತಿರುಗಿಸಲಿಲ್ಲ, ತನ್ನ ತಲೆಯನ್ನೇ ಕೆಳಗೆ ಮಾಡಿ ನೋಡಿತು. ಪುಟದ ಮೇಲ್ತುದಿ ಮುಟ್ಟಿದಾಗ ಬೆರಳು ಎತ್ತದೆ, ಇನ್ನೊಂದು ಕೈಯಿಂದ ಹಾಳೆಯನ್ನು ಮೇಲಕ್ಕೆ ಮಗುಚಿತು. ನೂರನೆಯ ಮಹಡಿಯ ಜೇಡರ ಮನೆ ತಲುಪುವ ಹೊತ್ತಿಗೆ ಅದಕ್ಕೆ ಏದುಸಿರು ಬರುತ್ತಿತ್ತು.